ಯಾರ ಕಾಲ್ಗುಣ?

ಟಪ್ ಎಂದು ಮತ್ತೊಂದು ಎಳೆ ಹರಿಯಿತು. ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ ನೀಲಪ್ಪ ಲಾಳಿಯನ್ನು ಬದಿಗೆ ಕುಕ್ಕಿದ. ತವರಿಗೆಂದು ಕೆರೂರಿಗೆ ಹೋಗಿದ್ದ ಹೊಸ ಸೊಸೆ ಜಯಶ್ರೀ ನಿನ್ನೆಯಷ್ಟೇ ಇಳಕಲ್ಲಿಗೆ ಮರಳಿದ್ದಳು. ಅವಳು ಇಲ್ಲದಷ್ಟು ದಿನ ಸೀರೆಯ ಒಂದು ಎಳೆಯೂ ಹರಿದಿರಲಿಲ್ಲ.

"ಈಕಿ ಕಾಲ್ಗುಣಾನ ಸರಿ ಇಲ್ಲ. ತವರಿಗೆ ಕಳಿಸಿಬಿಡು," ಎಂದ ಹೆಂಡತಿಗೆ.

"ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆಗೇತಿ, ಅಷ್ಟ," ಎಂದಳು ಚಂದ್ರವ್ವ ಮೆಲ್ಲಗೆ.

"ಒಮ್ಮಿ ಮುರದ್ರ ಕಾಗಿ ಮಾತು ಬ್ಯಾರೆ. ಕೂತಾಗೊಮ್ಮಿ ಮುರದ್ರ?"

ಬಾಗಿಲಲ್ಲಿದ್ದ ಜಯಶ್ರೀಗೆ ಎಲ್ಲವೂ ಕೇಳಿಸಿತು. ಕಾಲ್ಗುಣ ಕೆಟ್ಟದ್ದೆಂದು ತವರಿಗೆ ಅಟ್ಟಿಸಿಕೊಂಡವಳು ಮರಳಿ ಬರುವುದು ಸುಲಭವಲ್ಲ. ಇನ್ನೊಬ್ಬಳಾಗಿದ್ದರೆ ಅಳುತ್ತ ಗಂಟು ಕಟ್ಟುತ್ತಿದ್ದಳು. ಈ ಹುಡುಗಿ ಮಾತ್ರ ಮಾವನ ಮಾತಿನಲ್ಲಿ ಹುರುಳಿದೆಯೇ ಎಂದು ಯೋಚಿಸುತ್ತ ನಿಂತಳು. ಮೆಚ್ಚಬೇಕು ಅವಳನ್ನು.

"ಮಾವಾರು ಹೇಳೂದು ಖರೆ ಐತಿ, ಅತ್ತಿ. ನಾ ಇದ್ದಾಗ ಹರೀತಾವ, ಇಲ್ಲದಾಗ ಹರಿಯಂಗಿಲ್ಲ. ಆದ್ರ ನಾ ಇಲ್ಲದಾಗ ಮನ್ಯಾಗ ಮತ್ತೇನು ಇರಲಿಲ್ಲ?"

ಚಂದ್ರವ್ವ ಸುತ್ತ ನೋಡಿದಳು. "ನೀ ಇಲ್ಲದಾಗ ಈ ಫ್ಯಾನು ಯಾರೂ ಹಚ್ಚಲಿಲ್ಲ ನೋಡವಾ."

ಮದುವೆಗೆ ತವರಿನವರು ಕೊಟ್ಟ ಫ್ಯಾನು. ಮಾವ ಬೆವರುತ್ತಾನೆಂದು ಅದನ್ನು ದಿನಾ ಮಗ್ಗದ ಕಡೆ ತಿರುಗಿಸಿ ಹಚ್ಚುತ್ತಿದ್ದವಳು ಈ ಸೊಸೆಯೇ, ಇವತ್ತೂ ಹಚ್ಚಿದ್ದಳು. ಗಾಳಿಗೆ ಒಣಗಿದ ಎಳೆ ಹರಿಯುತ್ತದೆಂಬುದು ನೀಲಪ್ಪನಿಗೆ ತಿಳಿಯದ್ದೇನಲ್ಲ. ಆದರೆ ಬೈಯಲು ಸೊಸೆಯೇ ಸಿಕ್ಕಿರುವಾಗ ಫ್ಯಾನಿನ ಕಡೆ ಯಾರು ನೋಡುತ್ತಾರೆ?

ಜಯಶ್ರೀ ಫ್ಯಾನನ್ನು ತಿರುಗಲು ಹಾಗೇ ಬಿಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅವಳು ಒಳಗಿಲ್ಲದಿದ್ದರೂ ಎಳೆ ಹರಿಯಿತು. ಒಳಗೆ ಬಂದು ಫ್ಯಾನು ಬಂದ್ ಮಾಡಿದಳು. ಎಲ್ಲರ ಊಟವಾದ ಮೇಲೆ ಮಗ್ಗದ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಸಂಜೆಯವರೆಗೂ ಲಾಳಿ ಓಡಿತು, ಒಂದು ಎಳೆಯೂ ಹರಿಯಲಿಲ್ಲ.

ನೀಲಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. "ತಪ್ಪಾತು ಯವ್ವಾ. ನಿಂದು ಬಂಗಾರದಂಥಾ ಕಾಲ್ಗುಣ! ಓಣಿಗೆಲ್ಲಾ ಹೇಳ್ತೇನಿ."

"ಅದೂ ಬ್ಯಾಡ್ರಿ ಮಾವಾರ," ಎಂದಳು ಜಯಶ್ರೀ. "ಇವತ್ತ ಛಲೋ ಆತಂತ ನನ್ನ ಕಾಲು ನೋಡಿದ್ರ, ನಾಳಿ ಎಳಿ ಹರದಾಗ ಮತ್ತ ನನ್ನ ಕಾಲೇ ನೋಡ್ತೀರಿ."