ಬಾಗಿಲ ಸಂದಿಯ ಎಲೆ

ಮಂಚದ ಕೆಳಗಿನ ಸೂಟ್‌ಕೇಸಿಗೆ ಬೀಗ ಇರಲಿಲ್ಲ. ಮಗಳು ಮುಚ್ಚಳ ಎತ್ತಿದಳು. ನಾಲ್ಕು ಜೊತೆ ಬಟ್ಟೆ, ಟವೆಲ್, ಬಾಚಣಿಗೆ, ಸೋಪಿನ ಡಬ್ಬಿ. ಬೆಳಗ್ಗೆ ಬಸ್ಸು ಹತ್ತುವವರ ಹಾಗೆ ಎಲ್ಲ ಒಪ್ಪವಾಗಿ ಜೋಡಿಸಿತ್ತು. ಮದುವೆಯಾಗಿ ಬಂದು ಇಷ್ಟು ತಿಂಗಳಾದರೂ ಚಿಕ್ಕಮ್ಮ ಬೀರುವಿನಲ್ಲಿ ಒಂದು ಕರವಸ್ತ್ರವನ್ನೂ ಇಟ್ಟಿರಲಿಲ್ಲ. ಬಾಳಲು ಬಂದವಳು ಗಂಟು ಬಿಚ್ಚದೆ ಕೂರುತ್ತಾಳೆಯೇ? ಸಮಯ ನೋಡಿ ಸಿಕ್ಕಿದ್ದನ್ನು ಬಾಚಿಕೊಂಡು ಹೋಗುವ ಹುನ್ನಾರ ಇದು ಎಂದು ಮಗಳಿಗೆ ಖಾತ್ರಿಯಾಯಿತು.

"ಏನು ಹುಡುಕ್ತಿದ್ದೀಯ?" ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು.

"ನಮ್ಮಮ್ಮನ ಸಾಮಾನು ಏನಾದ್ರೂ ಸೇರ್ಕೊಂಡಿದ್ಯಾ ಅಂತ."

"ಇದ್ರೆ ತಗೋ" ಎಂದವಳು ಬಕೆಟ್ಟು ಎತ್ತಿಕೊಂಡು ಹೋದಳು. ಬೈದಿದ್ದರೂ ಮಗಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಚಿಕ್ಕಮ್ಮ ಈ ಮನೆಗೆ ಮೊದಲು ಬಂದದ್ದು ಅಮ್ಮನ ಉಪಚಾರಕ್ಕೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅಮ್ಮ ಹೋಗಿ ವರ್ಷ ಕಳೆದ ಮೇಲೆ ಅಪ್ಪ ಅವಳನ್ನೇ ಕಟ್ಟಿಕೊಂಡ. ಉಪಚಾರಕ್ಕೆ ಬಂದವಳು ಉಪ್ಪರಿಗೆ ಹತ್ತಿದಳು ಎಂದು ಪಕ್ಕದ ಮನೆಯಾಕೆ ಮಗಳ ಕಿವಿಗೆ ಬೀಳುವಂತೆಯೇ ಹೇಳಿದ್ದಳು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ.

ಮಗಳ ಕೈಯಲ್ಲಿ ಒಂದು ಅಸ್ತ್ರವಿತ್ತು. ಒಂದು ಎಲೆ.

ಕಾಯಿಲೆಯ ದಿನಗಳಲ್ಲಿ ಅಮ್ಮನ ಕೋಣೆಗೆ ಮಗಳನ್ನು ಬಿಡುತ್ತಿರಲಿಲ್ಲ. ಹೊರಗಿನ ಸೋಂಕು ತಗುಲಿದರೆ ಜೀವಕ್ಕೇ ಸಂಚಕಾರ ಎಂದಿದ್ದರು ಡಾಕ್ಟರು. ಬಾಗಿಲ ಈಚೆ ಮಗಳು, ಆಚೆ ಅಮ್ಮ. ಆಗ ಹುಟ್ಟಿದ ಆಟ ಅದು. ಔಷಧಿ ಡಬ್ಬಿಯ ರಟ್ಟನ್ನು ಇಸ್ಪೀಟೆಲೆಯ ಅಳತೆಗೆ ಕತ್ತರಿಸಿ, ಮನಸ್ಸಿಗೆ ಬಂದ ಅಪ್ಪಣೆ ಬರೆದು, ಬಾಗಿಲ ಸಂದಿಯಿಂದ ತಳ್ಳುವುದು. 'ಈ ಎಲೆ ಸಿಕ್ಕವಳು ಕೋಳಿಯ ಹಾಗೆ ಕೂಗಬೇಕು.' 'ಈ ಎಲೆ ಸಿಕ್ಕವಳು ಅಳಬಾರದು.' ನಿಯಮ ಒಂದೇ: ಬರೆದದ್ದು ನಡೆಯಲೇಬೇಕು.

ಅಮ್ಮ ಬಟ್ಟೆ ಹೊಲಿಯುತ್ತಿದ್ದವಳು. ಸೀಮೆಸುಣ್ಣದಲ್ಲಿ ಗೀಚಿದ ಅಂಕಿ ಬಿಟ್ಟರೆ, ಅವಳ ಅಕ್ಷರವೆಂದು ಮಗಳ ಬಳಿ ಉಳಿದದ್ದು ಆ ಎಲೆಗಳು ಮಾತ್ರ. ದುಂಡು ಅಕ್ಷರ, ಸಾಲಿನ ಕೊನೆಯ ಚುಕ್ಕಿ ಮಾತ್ರ ಸಣ್ಣ ಸೊನ್ನೆಯಷ್ಟು ದೊಡ್ಡದು. ಮಗಳು ಅವುಗಳನ್ನು ಕೆನ್ನೆಗೊತ್ತಿಕೊಂಡು ಮಲಗುತ್ತಿದ್ದಳು.

ಕೊನೆಯ ಎಲೆ ಬಂದಾಗ ಒಳಗಿನಿಂದ ಅಮ್ಮನ ಕ್ಷೀಣ ದನಿಯೂ ಬಂದಿತ್ತು. "ಇದನ್ನ ಈಗ ಹಾಕ್ಬೇಡ ಪುಟ್ಟಿ. ಬೇಕಾದಾಗ, ಅಪ್ಪನ ಮುಂದೆ ಹಾಕು." ಅದರಲ್ಲಿ ಹೀಗಿತ್ತು: 'ನನ್ನ ಜಾಗಕ್ಕೆ ಬಂದವಳು, ಈ ಎಲೆ ಬಿದ್ದ ಗಳಿಗೆಯೇ ಮನೆ ಬಿಟ್ಟು ಹೋಗಬೇಕು.'

ಆದರೆ ಎಲೆ ಹಾಕಲು ಆಟ ನಡೆಯಬೇಕಲ್ಲ? ಅಪ್ಪ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಬಂದಾಗ ಮೂವರೂ ಆಡಲೆಂದು ಮಗಳು ಎಲೆ ಹರಡಿದರೆ ಚಿಕ್ಕಮ್ಮನಿಗೆ ಆಗಲೇ ಒಲೆ ಒರೆಸುವ ಕೆಲಸ. ಈ ಸಲ ಅಪ್ಪನಿಗೇ ರೇಗಿತು.

"ಇಬ್ರೂ ಹಾವು ಮುಂಗುಸಿ ಥರ ಆಡಿದ್ದು ಸಾಕು. ಕೂತ್ಕೊಳ್ಳಿ. ಒಬ್ಬೊಬ್ರು ಒಂದೊಂದು ಹೊಸ ಎಲೆ ಬರೀರಿ."

"ನಂಗೆ ಬರೆಯೋಕೆ ಬರಲ್ಲ" ಎಂದಳು ಚಿಕ್ಕಮ್ಮ. ಅಂಗಡಿಯ ಸಾಮಾನನ್ನೂ ಅವಳು ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು.

"ಆಸ್ಪತ್ರೇಲಿ ಚಾರ್ಟ್ ಯಾರು ಬರೀತಿದ್ರು, ನಿಮ್ಮಜ್ಜೀನಾ?"

ಅವಳು ಪೆನ್ನು ತೆಗೆದುಕೊಂಡಳು. ಎಡಗೈಯಲ್ಲಿ.

"ಇದೇನೇ ಹೊಸ ವರಸೆ? ಸರಿಯಾಗಿ ಹಿಡ್ಕೊ."

ಪೆನ್ನು ಬಲಗೈಗೆ ಬಂತು. ಬರೆದು ಮುಗಿಸಿದ್ದೇ ಅವಳು ಎಲೆಯನ್ನು ಬೋರಲು ಹಾಕಿದಳು. ಮಗಳು ಅದನ್ನು ಕಿತ್ತುಕೊಂಡಳು. 'ಈ ಎಲೆ ಸಿಕ್ಕವಳನ್ನು ನಾಳೆ ಬೆಳಗ್ಗೆ ಯಾರೂ ಎಬ್ಬಿಸಬಾರದು.' ದುಂಡು ಅಕ್ಷರ. ಕೊನೆಯಲ್ಲಿ ಸೊನ್ನೆಯಷ್ಟು ದೊಡ್ಡ ಚುಕ್ಕಿ.

"ಕಳ್ಳಿ!" ಮಗಳು ಕಿರುಚಿದಳು. "ಅಪ್ಪಾ, ಇವ್ಳು ಅಮ್ಮನ ಅಕ್ಷರ ಕದ್ದಿದ್ದಾಳೆ! ನಾನು ಎಲೆ ಇಟ್ಟಿರೋ ಡಬ್ಬಿ ತೆಗೆದು, ನೋಡ್ಕೊಂಡು ಕಲ್ತಿದ್ದಾಳೆ. ನಂಗೆ ಅಮ್ಮ ಆಗೋಕೆ ನಾಟಕ!"

ಚಿಕ್ಕಮ್ಮ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನಾನು ಕದ್ದಿಲ್ಲ" ಎಂದಳು. ಅಷ್ಟೇ.

"ಹಾಗಾದ್ರೆ ಇದನ್ನ ನೋಡು." ಮಗಳು ಅಂಗಿಯೊಳಗಿಂದ ಅಮ್ಮನ ಎಲೆ ತೆಗೆದು, ಚಿಕ್ಕಮ್ಮನ ಎಲೆಯ ಪಕ್ಕದಲ್ಲೇ ಬಡಿದು ಹಾಕಿದಳು. "ಅಸಲು ಯಾವ್ದು, ನಕಲು ಯಾವ್ದು, ನೀನೇ ಹೇಳಪ್ಪ. ಬರೆದದ್ದು ನಡೀಲೇಬೇಕು. ಇವತ್ತೇ ಹೋಗ್ಲಿ."

ಚಿಕ್ಕಮ್ಮ ಆ ಎಲೆಯನ್ನು ಓದಲೂ ಇಲ್ಲ. ಎದ್ದು ಒಳಗೆ ಹೋದಳು. ಗೆದ್ದೆ ಎಂದುಕೊಂಡಳು ಮಗಳು.

ಅಪ್ಪ ಎರಡೂ ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಇದನ್ನ ಅಮ್ಮ ಬರೆದಳು ಅಂತ ನಿಂಗ್ಯಾರು ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು? ಎಲ್ಲಾ ಎಲೇನೂ ಅಮ್ಮನೇ ಬರೆದದ್ದು."

"ಯಾವ ಕೈಯಲ್ಲಿ ಪುಟ್ಟಿ? ಆ ಕೋಣೆ ಸೇರೋ ಹೊತ್ತಿಗೇ ಅವಳ ಎರಡೂ ಕೈ ಬಿದ್ದುಹೋಗಿದ್ವು. ನಿಂಗೆ ಗೊತ್ತಾಗ್ಬಾರ್ದು ಅಂತ ನಮ್ಮ ಹತ್ರ ಮಾತು ತಗೊಂಡಿದ್ಲು."

ಸೂಟ್‌ಕೇಸು ಹಿಡಿದು ಹೊರಬಂದ ಚಿಕ್ಕಮ್ಮ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದಳು. "ಅಕ್ಕ ಹೇಳಿದ ಒಂದಕ್ಷರಾನೂ ನಾನು ಬದಲಾಯಿಸಿಲ್ಲ ಪುಟ್ಟಿ" ಎಂದಳು. "ಆ ಎಲೇಲೂ."