ಗೆರೆಗಿಂತ ಕೆಳಗೆ

ಬಸ್ಸಿನ ಬಾಗಿಲಲ್ಲಿ, ಮಕ್ಕಳ ಎತ್ತರ ಅಳೆಯುವ ಗೆರೆಯ ಪಕ್ಕ ಫಕ್ಕೀರಪ್ಪ ತನ್ನ ಕುಡಿತದ ಚಟವನ್ನು ನೆಟ್ಟಗೆ ನಿಲ್ಲಿಸಿದ. ಎಲ್ಲರ ಚಟಗಳಂತೆ ಅದೂ ಅವನ ಕೈ ಹಿಡಿದೇ ತಿರುಗುತ್ತಿತ್ತು. ಹೋದ ವರ್ಷ ಅವನಿಗಿಂತ ಎತ್ತರವಿತ್ತು. ಕುಡಿತ ಬಿಟ್ಟ ಮೇಲೆ ಕುಗ್ಗಿತು. ಹೋಳಿ ಹುಣ್ಣಿಮೆಯ ಒಂದೇ ಗುಟುಕಿಗೆ ಮತ್ತೆ ಹೆಗಲ ಮಟ್ಟಕ್ಕೆ ಬೆಳೆಯಿತು. ಅವನು ಮತ್ತೆ ಬಿಟ್ಟ, ಅದು ಮತ್ತೆ ಕುಗ್ಗಿತು.

ಕಂಡಕ್ಟರ್ ಕಸ್ತೂರಿ ಬಗ್ಗಿ ನೋಡಿದಳು. "ಗೆರಿಗಿಂತ ಕೆಳಗ ಐತ್ರಿ ಯಜಮಾನ್ರ. ಇವತ್ತ ಇದಕ್ಕ ಟಿಕೆಟ್ ಬ್ಯಾಡ."

"ಪೂರಾ ಹೋಗೂದು ಯಾವಾಗ್ರಿ?"

"ನಮ್ಮಪ್ಪಂದು ಇನ್ನೂ ಹೋಗಿಲ್ರಿ. ಕಿಸೆದಾಗ ಇಟ್ಕೊಂಡು ಅಡ್ಡಾಡ್ತಾನ. ನೀವು ತೊಡಿ ಮ್ಯಾಲ ಕುಂದರಿಸ್ಕೊರಿ, ಸೀಟ್ ಕೊಡಂಗಿಲ್ಲ."

ಫಕ್ಕೀರಪ್ಪ ಹಾಗೆಯೇ ಕೂರಿಸಿಕೊಂಡ. ಪಕ್ಕದ ಸೀಟು ಖಾಲಿ ಉಳಿಯಿತು. ಇಷ್ಟು ವರ್ಷ ನಿಂತೇ ಬರುತ್ತಿದ್ದ ಹೆಂಡತಿ ಶಂಕ್ರವ್ವ ಅಲ್ಲಿ ಕೂತು, ನಿಧಾನವಾಗಿ ಕಾಲು ಚಾಚಿದಳು.