ಬಾಲ್ದಿಯಲ್ಲಿ ತೊಳೆದ ಸುದ್ದಿ

"ಸಿರೋನಿಯದ ಅಧ್ಯಕ್ಷ ಹೊರದೇಶದ ನರ್ಸುಗಳನ್ನೆಲ್ಲ ಜೈಲಿಗೆ ಹಾಕ್ಸಿದ್ನಂಬ್ರ್," ಎಂದು ಪಕ್ಕದ ಅಂಗಡಿಯ ಮಂಜಯ್ಯ ಪತ್ರಿಕೆ ಚಾಚಿದಾಗ, ಗಂಗೊಳ್ಳಿಯಲ್ಲಿ ಮೀನು ಮಾರುವ ಜಲಜಾಕ್ಷಿ ಕೈಲಿದ್ದ ಮೀನು ಬಿಟ್ಟು ಎದ್ದು ನಿಂತಳು. ಅವಳ ಮಗಳು ಆ ದೇಶದಲ್ಲೇ ನರ್ಸು.

"ನೀರ್ ಹಾಕಿ ಕಂಡ್ರ್ಯಾ?" ಎಂದು ಕೇಳಿದಳು.

"ಹೊಸ ಪೇಪರ್, ಒದ್ದೆ ಮಾಡುದ್ ಎಂತಕ್ಕೆ? ಬೆಳಿಗ್ಗೆಯಿಂದ ಇಪ್ಪತ್ ಮನಿಗೆ ಓದಿ ಹೇಳ್ದೆ."

ಸುಳ್ಳು ಸುದ್ದಿಯ ಶಾಯಿ ನೀರಿಗೆ ನಿಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಜಲಜಾಕ್ಷಿ ಪತ್ರಿಕೆ ಕಿತ್ತುಕೊಂಡು ಮೀನು ತೊಳೆಯುವ ಬಾಲ್ದಿಗೆ ಅದ್ದಿದಳು. ಜೈಲು ಎಂಬ ಪದ ಮೊದಲು ಕರಗಿತು, ಹಿಂದೆಯೇ ಇಡೀ ಸುದ್ದಿ ಹೋಯಿತು. ಅಧ್ಯಕ್ಷರ ಹೆಸರು, ದಿನಾಂಕ ಮಾತ್ರ ಉಳಿದವು. ಅವಳಿಗೆ ಹೋದ ಜೀವ ಬಂದಂತಾಯಿತು.

ಆ ಖಾಲಿ ಹಾಳೆಯಲ್ಲೇ ನಾಲ್ಕು ಬಂಗುಡೆ ಕಟ್ಟಿ ಮಂಜಯ್ಯನ ಕೈಗಿಟ್ಟಳು.

"ಇಪ್ಪತ್ ಮನಿಗೂ ಹೋಯಿ ಇದನ್ನೂ ಓದಿ ಹೇಳಿ."